ಅಧ್ಯಾಯಕ್ಕೊಂದು ಪರಿವಿಡಿ: ಕೊನೆಗೂ ಸಿಕ್ಕ ದಾರಿ

ಪುಟವಿನ್ಯಾಸದ ಸಾಫ್ಟ್‌ವೇರ್ ಇನ್‌ಡಿಸೈನ್‌ನಲ್ಲಿ 12 ಅಧ್ಯಾಯದ ಪುಸ್ತಕ. ಪ್ರತಿ ಅಧ್ಯಾಯದ ಮೊದಲ ಪುಟದಲ್ಲಿ ಆ ಅಧ್ಯಾಯದ್ದೇ ಪುಟ್ಟ ಪರಿವಿಡಿ ಬೇಕಿತ್ತು, ಅಷ್ಟೇ. ಆದರೆ ಪರಿವಿಡಿ ಮಾಡಿಕೊಡುವ ಟೇಬಲ್ ಆಫ್ ಕಂಟೆಂಟ್ಸ್ ಕಮಾಂಡ್ ಕೊಟ್ಟಾಗಲೆಲ್ಲ ಇಡೀ ಪುಸ್ತಕದ ಉಪಶೀರ್ಷಿಕೆಗಳು ಒಂದೇ ಕಡೆ ಬಂದು ಬೀಳುತ್ತಿದ್ದವು. ತಪ್ಪು ನನ್ನದೇ, ಎಲ್ಲವನ್ನೂ ಒಂದೇ ಫೈಲ್‌ನಲ್ಲಿ ತುಂಬಿದ್ದೆ.

ಯಾವ ಪ್ಯಾರಾಗ್ರಾಫ್ ಸ್ಟೈಲ್ (ಹೆಸರಿಟ್ಟು ಉಳಿಸಿದ ಅಕ್ಷರ-ಸಾಲುಗಳ ರೂಪ) ಹೇಳುತ್ತೇವೋ ಆ ಸ್ಟೈಲಿನ ಸಾಲುಗಳೇ ಪರಿವಿಡಿಗೆ ಬರುವುದು. ಹಾಗಾಗಿ ಮೊದಲು ಉಪಶೀರ್ಷಿಕೆಗಳಿಗೆ ಅಧ್ಯಾಯಕ್ಕೊಂದು ಸ್ಟೈಲ್ ಮಾಡಿದೆ: ಉಪಶೀರ್ಷಿಕೆ-1, ಉಪಶೀರ್ಷಿಕೆ-2, ಹೀಗೆ. ಕೆಲಸವೇನೋ ಆಗುತ್ತದೆ, ಆದರೆ ಮೂರನೇ ಅಧ್ಯಾಯಕ್ಕೇ ತಲೆ ಕೆಟ್ಟುಹೋಯಿತು. ಎರಡೇ ಅಧ್ಯಾಯ ಇದ್ದರೆ ಸರಿ, ಜಾಸ್ತಿ ಇದ್ದರೆ ಸುಮ್ನೆ ಗೋಳು.

ಆಮೇಲೆ ಅಧ್ಯಾಯಕ್ಕೊಂದು ಫೈಲ್ ಮಾಡಿ, ಎಲ್ಲವನ್ನೂ ಒಂದು ಬುಕ್ ಫೈಲ್‌ಗೆ (ಹಲವು ಫೈಲ್‌ಗಳನ್ನು ಒಂದೇ ಪುಸ್ತಕವಾಗಿ ಜೋಡಿಸುವ ಫೈಲ್) ಸೇರಿಸಿದೆ. ಪುಟಸಂಖ್ಯೆ ಒಂದರಿಂದ ಇನ್ನೊಂದಕ್ಕೆ ತಾನಾಗೇ ಮುಂದುವರಿಯುತ್ತದೆ. ಅಧ್ಯಾಯದ ಫೈಲ್ ತೆರೆದು, ಲೇಔಟ್ ಮೆನುವಿನಿಂದ ಟೇಬಲ್ ಆಫ್ ಕಂಟೆಂಟ್ಸ್‌ಗೆ ಹೋಗಿ, ಉಪಶೀರ್ಷಿಕೆಯ ಸ್ಟೈಲ್ ಸೇರಿಸಿ, ‘ಇನ್‌ಕ್ಲೂಡ್ ಬುಕ್ ಡಾಕ್ಯುಮೆಂಟ್ಸ್’ (ಬುಕ್‌ನ ಎಲ್ಲ ಫೈಲ್‌ಗಳನ್ನೂ ಸೇರಿಸು) ಮುಂದಿನ ಟಿಕ್ ತೆಗೆದೆ. ಆ ಅಧ್ಯಾಯದ್ದಷ್ಟೇ ಬಂತು! ಪುಸ್ತಕದ ದೊಡ್ಡ ಪರಿವಿಡಿಗೆ ಬೇರೆ ಫೈಲ್, ಅಲ್ಲಿ ಅದೇ ಟಿಕ್ ಇರಲೇಬೇಕು.

ಇನ್ನೊಂದು ವಿಷಯ. ಪುಟ ಬದಲಾದರೆ ಪರಿವಿಡಿ ತಾನಾಗಿ ಬದಲಾಗಲ್ಲ, ಅದನ್ನು ಆರಿಸಿ ಅಪ್‌ಡೇಟ್ ಕೊಡಬೇಕು. ಪರಿವಿಡಿಯೊಳಗೇ ಕೈಯಿಂದ ತಿದ್ದಿದ್ದೆಲ್ಲ ಆಗ ಅಳಿಸಿಹೋಗುತ್ತದೆ. ನನ್ನದು ಎರಡು ಸಲ ಹೋಯಿತು.