ಬ್ರಿಸ್ಟಲ್ ಬೇಯ ಸಾಲ್ಮನ್ ದೋಣಿಯಲ್ಲಿ ಒಂದು ಹಂಗಾಮು

ಅಲಾಸ್ಕಾದ ಬ್ರಿಸ್ಟಲ್ ಬೇಯಲ್ಲಿ ಸಾಕೈ ಎಂಬ ಜಾತಿಯ ಸಾಲ್ಮನ್ ಮೀನು ಹಿಡಿಯುವ ಹಂಗಾಮು ಸುಮಾರು ಜೂನ್ ಮಧ್ಯದಿಂದ ಜುಲೈ ಕೊನೆಯವರೆಗೆ. ಜುಲೈ ಮೊದಲ ವಾರದ ಆಸುಪಾಸಿನಲ್ಲಿ ಮೀನು ಮುಗಿಬೀಳುತ್ತದೆ. ಆಗ ನಿದ್ದೆ ಸಿಕ್ಕಷ್ಟೇ.

ಅಮೆರಿಕದಲ್ಲಿ ದುಡಿಯಲು ಕಾನೂನಿನ ಅನುಮತಿ ಇರಬೇಕು, ಜೊತೆಗೆ ಅಲಾಸ್ಕಾ ರಾಜ್ಯದ ಕ್ರೂ ಲೈಸೆನ್ಸ್, ಅಂದರೆ ದೋಣಿ ಕೆಲಸಗಾರರ ಪರವಾನಗಿ. ಸಾಮಾನ್ಯವಾಗಿ ತಿಂಗಳ ಸಂಬಳವಿಲ್ಲ, ಹಿಡಿದ ಮೀನಿನ ಹಣದಲ್ಲಿ ಪಾಲು. ಡೀಸೆಲ್, ದಿನಸಿ ಖರ್ಚನ್ನು ಪಾಲು ಹಾಕುವ ಮೊದಲು ಕಳೆಯುತ್ತಾರೋ ಆಮೇಲೋ ಎಂಬುದನ್ನು ಹೊರಡುವ ಮುನ್ನವೇ ಬರೆಸಿಕೊಳ್ಳಿ. ಜಗಳವೆಲ್ಲ ಹುಟ್ಟುವುದು ಇಲ್ಲೇ.

ದೋಣಿ 32 ಅಡಿ ಮೀರುವಂತಿಲ್ಲ. ಒಂದು ಪರ್ಮಿಟ್‌ಗೆ 150 ಫ್ಯಾದಮ್, ಅಂದರೆ 900 ಅಡಿ ಬಲೆ. ಬಲೆ ನೀರಿಗೆ ಓಡುವಾಗ ಅದರ ಹತ್ತಿರ ಸುಳಿಯಬೇಡಿ: ಅಂಗಿಯ ಗುಂಡಿ, ಉಂಗುರ, ಸಡಿಲ ತೋಳು ಸಿಕ್ಕಿಕೊಂಡರೆ ಬಲೆಯ ಜೊತೆ ನೀವೂ ಸಮುದ್ರಕ್ಕೆ. ಚಾಕು ಕೈಗೆಟಕುವಂತಿರಲಿ, ಲೈಫ್ ಜಾಕೆಟ್ ಮೈಮೇಲಿರಲಿ.

ಬಲೆಯಿಂದ ಮೀನು ಬಿಡಿಸುವುದೇ ನಿಜವಾದ ಕೆಲಸ. ಮೊದಲು ಮೀನು ಯಾವ ಕಡೆಯಿಂದ ನುಗ್ಗಿದೆ ನೋಡಿ. ಕಿವಿರಿಗೆ ಸಿಕ್ಕ ಎಳೆಯನ್ನು ಸಣ್ಣ ಕೊಕ್ಕೆಯಿಂದ ಎತ್ತಿ ತಲೆಯ ಮೇಲಿಂದ ಜಾರಿಸಿ. ಬಾಲ ಹಿಡಿದು ಜಗ್ಗಿದರೆ ಬೆನ್ನುಮೂಳೆಯ ಬಳಿ ರಕ್ತನಾಳ ಒಡೆದು ಮಾಂಸದಲ್ಲಿ ಕಲೆ ಕೂರುತ್ತದೆ, ದರ್ಜೆ ಇಳಿಯುತ್ತದೆ. ಕಿವಿರು ಕೊಯ್ದು ರಕ್ತ ಹರಿಸಿ, ತಡಮಾಡದೆ ದೋಣಿಯಲ್ಲೇ 0–1 ಡಿಗ್ರಿ ಸೆಲ್ಸಿಯಸ್‌ಗೆ ತಣಿಸಿಟ್ಟ ಸಮುದ್ರದ ನೀರಿಗೆ ಮೆಲ್ಲಗೆ ಇಳಿಸಿ, ಎತ್ತಿ ಎಸೆಯಬೇಡಿ.

ಬಲೆಯಿಂದ ಅಂಬಲಿ ಮೀನಿನ (ಜೆಲ್ಲಿಫಿಶ್) ಚೂರು ಕಣ್ಣಿಗೆ ಸಿಡಿದರೆ ಉರಿ ತಡೆಯಲಾಗದು, ಕನ್ನಡಕ ಬೇಕು. ಕೆಲವೇ ದಿನಗಳಲ್ಲಿ ಬೆರಳು ಮಡಚಿದಂತೆಯೇ ಸೆಟೆದುಕೊಳ್ಳುತ್ತವೆ. ಬಿಗಿಯಾದ ಕೈಗವಸು ಅದನ್ನು ಹೆಚ್ಚಿಸುತ್ತದೆ, ಒಂದು ಅಳತೆ ದೊಡ್ಡದನ್ನೇ ಕೊಳ್ಳಿ.