ಬಿಲ್ ರಸೆಲ್ ಕಥೆಯನ್ನು ಮಕ್ಕಳಿಗೆ ಹೇಳುವುದು ಹೇಗೆ

ಬಾಸ್ಕೆಟ್‌ಬಾಲ್ ಆಡುವ ಮಕ್ಕಳಿಗೆ ಅಮೆರಿಕದ ಕಪ್ಪು ಆಟಗಾರ ಬಿಲ್ ರಸೆಲ್ ಬಗ್ಗೆ ಹೇಳಲು ಕೂತರೆ ನಾಲಿಗೆಗೆ ಮೊದಲು ಬರುವುದು ಲೆಕ್ಕ. ಬಾಸ್ಟನ್ ಸೆಲ್ಟಿಕ್ಸ್ ತಂಡದಲ್ಲಿ 13 ಸೀಸನ್, 11 ಚಾಂಪಿಯನ್‌ಷಿಪ್. ದಯವಿಟ್ಟು ಅಲ್ಲಿಂದ ಶುರು ಮಾಡಬೇಡಿ. 11 ಅಂತ ಕೇಳಿದ ತಕ್ಷಣ ಮಕ್ಕಳು ಬಾಯಿ ಬಿಡುತ್ತಾರೆ, ಅವರ ಮಟ್ಟಿಗೆ ಕಥೆ ಅಲ್ಲಿಗೇ ಮುಗಿಯುತ್ತದೆ.

ಪೆಟ್ರೋಲ್ ಬಂಕ್‌ನಿಂದ ಶುರು ಮಾಡಿ. ರಸೆಲ್ ಹುಟ್ಟಿದ್ದು 1934ರಲ್ಲಿ, ಅಮೆರಿಕದ ದಕ್ಷಿಣದ ಲೂಸಿಯಾನಾ ರಾಜ್ಯದ ವೆಸ್ಟ್ ಮನ್ರೋದಲ್ಲಿ. ಅಪ್ಪ ಚಾರ್ಲ್ಸ್ ಒಂದು ದಿನ ಪೆಟ್ರೋಲ್ ಹಾಕಿಸಲು ಹೋದರು. ಬಂಕ್‌ನವನು ಬಿಳಿಯರಿಗೆಲ್ಲ ಹಾಕಿ ಮುಗಿಯುವ ತನಕ ಇವರನ್ನು ಕಾಯಿಸಿದ. ಬೇರೆ ಕಡೆ ಹೋಗೋಣ ಅಂತ ಅಪ್ಪ ಹೊರಟರೆ, ಅವನು ಬಂದೂಕು ತೋರಿಸಿ, ಸರದಿ ಬರುವ ತನಕ ಕದಲಬೇಡ ಅಂತ ಹೆದರಿಸಿದ. ಅಮ್ಮ ಕೇಟಿ ಒಮ್ಮೆ ಚೆಂದದ ಬಟ್ಟೆ ತೊಟ್ಟು ಬೀದಿಯಲ್ಲಿ ಹೋಗುತ್ತಿದ್ದಾಗ ಪೊಲೀಸನೊಬ್ಬ ತಡೆದು, ಇದು ಬಿಳಿ ಹೆಂಗಸರು ತೊಡುವ ಬಟ್ಟೆ, ಮನೆಗೆ ಹೋಗಿ ಬಿಚ್ಚು ಅಂದ.

ಇಷ್ಟು ಹೇಳಿ ನಿಲ್ಲಿಸಿ. ವರ್ಣಭೇದ ಎಂದರೆ ಏನು ಅಂತ ಈಗಲೇ ಪಾಠ ಮಾಡಬೇಡಿ. ಯಾರಾದರೂ ಒಬ್ಬ ಹುಡುಗ ಕೇಳಿಯೇ ಕೇಳುತ್ತಾನೆ, ಅವರಪ್ಪ ಯಾಕೆ ತಿರುಗಿ ಬೀಳಲಿಲ್ಲ ಅಂತ. ಆ ಪ್ರಶ್ನೆಗೆ ಸಮಯ ಕೊಡಿ. ಬಂದೂಕು ಅವನ ಕೈಯಲ್ಲಿತ್ತು, ಪೊಲೀಸ್ ಅವನ ಕಡೆಗಿದ್ದ, ಕಾನೂನೂ ಅವನ ಕಡೆಗೇ ಇತ್ತು ಅಂತ ನೇರವಾಗಿ ಹೇಳಿ. ಅಪ್ಪ ಆಮೇಲೆ ಮಾಡಿದ್ದನ್ನೂ ಹೇಳಿ: ಹೆಂಡತಿ, ಇಬ್ಬರು ಗಂಡು ಮಕ್ಕಳನ್ನು ಕಟ್ಟಿಕೊಂಡು ಊರು ಬಿಟ್ಟರು. ಎರಡನೇ ಮಹಾಯುದ್ಧದ ಕಾಲ ಅದು, ಕೆಲಸ ಮತ್ತು ಮರ್ಯಾದೆ ಎರಡನ್ನೂ ಹುಡುಕಿಕೊಂಡು ಲಕ್ಷಾಂತರ ಕಪ್ಪು ಜನ ದಕ್ಷಿಣದಿಂದ ಹೊರಟಿದ್ದರು. ಈ ಕುಟುಂಬ ಹೋಗಿ ಸೇರಿದ್ದು ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್‌ಗೆ. ಬಿಲ್‌ಗೆ 12 ವರ್ಷ ಆಗಿದ್ದಾಗ ಅಮ್ಮ ತೀರಿಕೊಂಡರು. ಅಪ್ಪ ಲಾರಿಯ ದಂಧೆ ಬಿಟ್ಟು ಉಕ್ಕಿನ ಕೆಲಸಕ್ಕೆ ಸೇರಿದರು, ಮಕ್ಕಳ ಹತ್ತಿರ ಇರಬೇಕು ಅಂತ. ನನಗೆ ಇಡೀ ಕಥೆಯಲ್ಲಿ ದೊಡ್ಡದು ಅನ್ನಿಸುವುದು ಇದೇ. ಆತುರ ಮಾಡದೆ ಹೇಳಿ.

ಆಮೇಲೆ ಶಾಲೆ. ಹುಡುಗ ಎತ್ತರ ಇದ್ದ, ಆಟ ಬರುತ್ತಿರಲಿಲ್ಲ. ಜಾರ್ಜ್ ಪೌಲ್ಸ್ ಎಂಬ ಬಿಳಿಯ ಕೋಚ್ ಮಾತ್ರ ಅವನನ್ನು ಕೈಬಿಡಲಿಲ್ಲ. 15 ಜೆರ್ಸಿ ಇದ್ದ ತಂಡಕ್ಕೆ 16ನೆಯವನಾಗಿ ಸೇರಿಸಿಕೊಂಡರು, ಬಿಲ್ ಇನ್ನೊಬ್ಬ ಹುಡುಗನ ಜೊತೆ ಒಂದೇ ಜೆರ್ಸಿ ಹಂಚಿಕೊಂಡ. ಬೆಂಚ್ ಮೇಲೆ ಕೂರುವ ಮಕ್ಕಳು ನಿಮ್ಮ ಗುಂಪಿನಲ್ಲಿದ್ದರೆ ಇದನ್ನು ಬಿಡಲೇಬೇಡಿ.

ಈಗ ಚೆಂಡು ತೆಗೆದುಕೊಳ್ಳಿ, ಸುಮ್ನೆ ಮಾತಾಡಿದರೆ ಸಾಲದು. ಎದುರಾಳಿಯ ಶಾಟನ್ನು ಬ್ಲಾಕ್ ಮಾಡುವವರು ಸಾಮಾನ್ಯವಾಗಿ ಚೆಂಡನ್ನು ಜೋರಾಗಿ ಹೊಡೆದು ಅಂಗಳದ ಆಚೆ ಅಟ್ಟುತ್ತಾರೆ. ಪ್ರೇಕ್ಷಕರು ಕೂಗುತ್ತಾರೆ, ಆದರೆ ಚೆಂಡು ಮತ್ತೆ ಎದುರಾಳಿಗೇ ಸಿಗುತ್ತದೆ ಅಲ್ವಾ? ರಸೆಲ್ ಬೆರಳ ತುದಿಯಿಂದ ಮೆಲ್ಲಗೆ ತಟ್ಟಿ ತಮ್ಮ ತಂಡದವರ ಕೈಗೇ ಚೆಂಡು ಹೋಗುವ ಹಾಗೆ ಮಾಡುತ್ತಿದ್ದರು, ಅಲ್ಲಿಂದಲೇ ಸೆಲ್ಟಿಕ್ಸ್ ಓಟ ಶುರು. ಮಕ್ಕಳ ಕೈಯಲ್ಲಿ ಹತ್ತು ಸಲ ಮಾಡಿಸಿ. ಎಷ್ಟು ಕಷ್ಟ ಅಂತ ಗೊತ್ತಾದರೆ ಗೌರವ ತಾನಾಗಿ ಬರುತ್ತದೆ. 1955 ಮತ್ತು 1956ರ ಕಾಲೇಜು ಚಾಂಪಿಯನ್‌ಷಿಪ್, 1956ರ ಮೆಲ್ಬರ್ನ್ ಒಲಿಂಪಿಕ್ಸ್ ಚಿನ್ನ, ಇವನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿ ಮುಂದೆ ಹೋಗಿ.

ಯಾಕೆಂದರೆ 1961ಕ್ಕೆ ಬರಬೇಕು. ಅಷ್ಟರಲ್ಲಿ ರಸೆಲ್ ನಾಲ್ಕು ಸಲ ಎನ್‌ಬಿಎ (ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್) ಚಾಂಪಿಯನ್. ಒಂದು ಪ್ರದರ್ಶನ ಪಂದ್ಯಕ್ಕೆ ತಂಡ ಕೆಂಟಕಿಯ ಲೆಕ್ಸಿಂಗ್ಟನ್‌ಗೆ ಹೋಯಿತು. ಹೋಟೆಲ್‌ನ ಕಾಫಿ ಶಾಪ್‌ನಲ್ಲಿ ಕಪ್ಪು ಆಟಗಾರರಿಗೆ ಊಟ ಕೊಡಲಿಲ್ಲ. ಇಲ್ಲಿ ಮಕ್ಕಳನ್ನು ಕೇಳಿ: ಟಿಕೆಟ್ ಮಾರಾಟ ಆಗಿದೆ, ಜನ ಬರುತ್ತಾರೆ, ನೀವಾದರೆ ಏನು ಮಾಡುತ್ತೀರಿ? ಎಲ್ಲರೂ ಹೇಳಿದ ಮೇಲೆ ನಡೆದದ್ದನ್ನು ಹೇಳಿ. ರಸೆಲ್ ಮತ್ತು ತಂಡದ ಕಪ್ಪು ಆಟಗಾರರು ಆಡದೆ ವಿಮಾನ ಹತ್ತಿ ಮನೆಗೆ ಹೋದರು. ಎದುರಾಳಿ ತಂಡದ ಕಪ್ಪು ಆಟಗಾರರೂ ಆಡಲಿಲ್ಲ. ಅಪ್ಪನಿಗೆ ಪೆಟ್ರೋಲ್ ಬಂಕ್ ಬಿಟ್ಟು ಹೋಗಲು ಆಗಿರಲಿಲ್ಲ ಅನ್ನುವುದನ್ನು ನೀವು ನೆನಪಿಸಬೇಡಿ. ಮಕ್ಕಳಿಗೇ ಹೊಳೆಯಲಿ.

ಮನೆಗೆ ನುಗ್ಗಿದ ಘಟನೆಯನ್ನು ವಯಸ್ಸು ನೋಡಿ ಹೇಳಿ. ಬಾಸ್ಟನ್ ಹತ್ತಿರದ ರೆಡಿಂಗ್‌ನಲ್ಲಿ ಅವರ ಮನೆಗೆ ನುಗ್ಗಿದವರು ಗೋಡೆಯ ಮೇಲೆ ಹೊಲಸು ಬೈಗುಳ ಬರೆದು, ಟ್ರೋಫಿಗಳನ್ನು ಹಾಳು ಮಾಡಿ, ಹಾಸಿಗೆಯಲ್ಲಿ ಮಲ ಹಾಕಿ ಹೋಗಿದ್ದರು. ಚಿಕ್ಕವರಿಗೆ ಹಾಸಿಗೆಯ ವಿಷಯ ಬೇಡ, ಗೋಡೆ ಸಾಕು. ಆದರೆ ಪೂರ್ತಿ ಮುಚ್ಚಿಡಬೇಡಿ. ತಮ್ಮದೇ ಊರಿನ ತಂಡವನ್ನು ಗೆಲ್ಲಿಸುತ್ತಿದ್ದವರ ಮನೆ ಅದು.

ದೊಡ್ಡ ಮಕ್ಕಳಾದರೆ ಇನ್ನೂ ಎರಡು ಸೇರಿಸಿ. 1963ರಲ್ಲಿ, ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಮೆಡ್ಗರ್ ಎವರ್ಸ್ ಕೊಲೆಯಾದ ಮೇಲೆ ರಸೆಲ್ ಜೀವಭಯ ಇದ್ದ ಮಿಸಿಸಿಪ್ಪಿಯ ಜಾಕ್ಸನ್‌ಗೆ ಹೋಗಿ, ಕಪ್ಪು ಮತ್ತು ಬಿಳಿ ಮಕ್ಕಳಿಗೆ ಒಟ್ಟಿಗೆ ಬಾಸ್ಕೆಟ್‌ಬಾಲ್ ಹೇಳಿಕೊಟ್ಟರು. 1966ರಲ್ಲಿ ಎನ್‌ಬಿಎಯ ಮೊದಲ ಕಪ್ಪು ಮುಖ್ಯ ಕೋಚ್ ಆದರು, ಆಡುತ್ತಲೇ ಕೋಚ್ ಕೆಲಸವನ್ನೂ ಮಾಡಿ 1968, 1969ರಲ್ಲಿ ಗೆದ್ದರು. ಈಗ 11ರ ಲೆಕ್ಕ ಹೇಳಬಹುದು.

ಕೊನೆಗೆ ಉಂಗುರದ ಕಥೆ. 1975ರಲ್ಲಿ ಹಾಲ್ ಆಫ್ ಫೇಮ್‌ಗೆ, ಅಂದರೆ ಬಾಸ್ಕೆಟ್‌ಬಾಲ್‌ನ ಶ್ರೇಷ್ಠರ ಗೌರವ ಪಟ್ಟಿಗೆ, ಆಯ್ಕೆಯಾದಾಗ ರಸೆಲ್ ಸಮಾರಂಭಕ್ಕೆ ಹೋಗಲಿಲ್ಲ, ಅಲ್ಲಿ ಕೊಡುವ ಉಂಗುರವನ್ನೂ ತೆಗೆದುಕೊಳ್ಳಲಿಲ್ಲ. ತಮಗಿಂತ ಮುಂಚೆ ಬರಬೇಕಾದ ಕಪ್ಪು ಆಟಗಾರರು ಇದ್ದಾರೆ ಅನ್ನುವುದು ಅವರ ನಿಲುವು. 1950ರಲ್ಲಿ ಎನ್‌ಬಿಎ ತಂಡವೊಂದು ಡ್ರಾಫ್ಟ್‌ನಲ್ಲಿ (ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸುವ ಪದ್ಧತಿ) ಆರಿಸಿದ ಮೊದಲ ಕಪ್ಪು ಆಟಗಾರ ಚಕ್ ಕೂಪರ್ ಅಂಥವರಲ್ಲಿ ಒಬ್ಬರು. ಕೂಪರ್ ಹೆಸರು ಅಲ್ಲಿ ಸೇರಿದ್ದು 2019ರಲ್ಲಿ. ಅದೇ ವರ್ಷ, 85ನೇ ವಯಸ್ಸಿನಲ್ಲಿ, ರಸೆಲ್ ತಮ್ಮ ಉಂಗುರ ತೆಗೆದುಕೊಂಡರು.