ತಣ್ಣಗಿದ್ದಾಗ ಸ್ಟಾರ್ಟ್ ಆಗದ ಬೋಟ್ ಮೋಟಾರ್: ಎಲ್ಲಿಂದ ಹುಡುಕಬೇಕು?

ಬೆಳಗ್ಗೆ ತೋಳು ಬಿದ್ದುಹೋಗುವಷ್ಟು ಹಗ್ಗ ಎಳೆದರೂ ಜಪ್ಪಯ್ಯ ಅನ್ನದ ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ಕಟ್ಟುವ) ಮೋಟಾರ್, ಒಮ್ಮೆ ಬಿಸಿಯಾದರೆ ಆಮೇಲೆ ಇಡೀ ದಿನ ಒಂದೇ ಎಳೆತಕ್ಕೆ ಹಿಡಿಯುತ್ತದೆ. ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮುಂಚೆ ಈ ವ್ಯತ್ಯಾಸವನ್ನೇ ಸ್ವಲ್ಪ ಯೋಚಿಸಿ. ಬಿಸಿಯಾದಾಗ ಚೆನ್ನಾಗಿ ಓಡುತ್ತದೆ ಎಂದರೆ ಪಿಸ್ಟನ್, ಕಿಡಿಗೆ ವಿದ್ಯುತ್ ಕೊಡುವ ಕಾಯಿಲ್ ಎಲ್ಲ ಹೆಚ್ಚುಕಡಿಮೆ ಸರಿಯಾಗಿವೆ. ಹೊಸ ಕಾಯಿಲ್ ಕೊಳ್ಳಲು ಓಡುವ ಅಗತ್ಯ ಇನ್ನೂ ಬಂದಿಲ್ಲ.

ಪೆಟ್ರೋಲ್ ಉರಿಯುವುದು ಆವಿಯಾದ ಮೇಲೆ. ತಣ್ಣಗಿನ ಲೋಹಕ್ಕೆ ತಾಗಿದಾಗ ಅದರ ದೊಡ್ಡ ಪಾಲು ಹನಿಯಾಗಿಯೇ ಅಂಟಿಕೊಂಡು ಉಳಿಯುತ್ತದೆ. ಹಾಗಾಗಿ ಮೊದಲ ಕೆಲವು ಕ್ಷಣ ಎಂಜಿನ್‌ಗೆ ಮಾಮೂಲಿಗಿಂತ ಹೆಚ್ಚು ಪೆಟ್ರೋಲ್, ಕಡಿಮೆ ಗಾಳಿ ಬೇಕು. ಆ ಹೆಚ್ಚುವರಿ ಪೆಟ್ರೋಲ್ ಎಲ್ಲಿ ತಡೆಯುತ್ತಿದೆ ಎಂದು ಟ್ಯಾಂಕಿನಿಂದ ಶುರುಮಾಡಿ ಕಿಡಿ ಹಾರಿಸುವ ಪ್ಲಗ್‌ವರೆಗೆ ಹುಡುಕಿಕೊಂಡು ಹೋಗುವುದೇ ಇಲ್ಲಿನ ಕೆಲಸ.

ಒಂದು ಎಚ್ಚರಿಕೆ: ಮೋಟಾರ್ ನೀರಿನಲ್ಲಿರಲಿ, ಇಲ್ಲವೇ ನೀರು ತುಂಬಿದ ಡ್ರಮ್ಮಿನಲ್ಲಿರಲಿ. ತಂಪಾಗಿಸುವ ನೀರನ್ನು ಎಳೆಯುವ ರಬ್ಬರ್ ಇಂಪೆಲ್ಲರ್ ಒಣಗಿದ್ದು ತಿರುಗಿದರೆ ಕೆಲವೇ ಕ್ಷಣಗಳಲ್ಲಿ ಸುಟ್ಟು ಹಾಳಾಗುತ್ತದೆ.

ಹಗ್ಗ ಎಳೆಯುವ ಮೊದಲು

ಕಿಲ್ ಸ್ವಿಚ್ಚಿನ (ಮೋಟಾರನ್ನು ತಕ್ಷಣ ನಿಲ್ಲಿಸುವ ಸ್ವಿಚ್ಚು) ಕ್ಲಿಪ್ ಅದರ ಜಾಗದಲ್ಲಿ ಕೂತಿದೆಯೇ? ಗೇರ್ ನ್ಯೂಟ್ರಲ್‌ನಲ್ಲಿದೆಯೇ? ಟ್ಯಾಂಕ್ ಮುಚ್ಚಳದ ಗಾಳಿ ಸ್ಕ್ರೂ ತೆರೆದಿದೆಯೇ? ಕೇಳಿದರೆ ನಗು ಬರಬಹುದು. ರಿಪೇರಿಗೆ ಬರುವ ಮೋಟಾರುಗಳಲ್ಲಿ ಈ ಮೂರರಿಂದಲೇ ಕೈಕೊಟ್ಟವೂ ಇರುತ್ತವೆ.

ನಂತರ ಪ್ರೈಮರ್ ಬಲ್ಬ್, ಅಂದರೆ ಪೆಟ್ರೋಲ್ ಪೈಪಿನ ನಡುವಿನ ರಬ್ಬರ್ ಬುರುಡೆ. ಅದರ ಮೇಲಿನ ಬಾಣ ಮೋಟಾರಿನ ಕಡೆಗಿರಬೇಕು. ಬಾಣ ಆಕಾಶ ನೋಡುವಂತೆ ಬಲ್ಬನ್ನು ನೆಟ್ಟಗೆ ಹಿಡಿದು ಅಮುಕಿ. ಅಡ್ಡ ಹಿಡಿದರೆ ಒಳಗಿನ ವಾಲ್ವ್ ಸರಿಯಾಗಿ ಮುಚ್ಚಿಕೊಳ್ಳದೆ, ಅಮುಕಿದ ಪೆಟ್ರೋಲ್ ಟ್ಯಾಂಕಿಗೇ ವಾಪಸ್ ಹೋಗಬಹುದು. ಕೆಲವು ಸಲ ಅಮುಕುವಷ್ಟರಲ್ಲಿ ಬಲ್ಬ್ ಗಟ್ಟಿಯಾಗಬೇಕು. ಎಷ್ಟು ಅಮುಕಿದರೂ ಮೆತ್ತಗೇ ಇದ್ದರೆ ಎಲ್ಲೋ ಗಾಳಿ ಸೇರುತ್ತಿದೆ: ಕನೆಕ್ಟರಿನ ಓ-ರಿಂಗ್, ಸಡಿಲವಾದ ಕ್ಲ್ಯಾಂಪ್, ಬಿರುಕು ಬಿಟ್ಟ ಪೈಪು ನೋಡಿ. ಓಡುವಾಗ ಬಲ್ಬ್ ಚಪ್ಪಟೆಯಾಗಿ ಒಳಕ್ಕೆ ಎಳೆದುಕೊಂಡರೆ ಗಾಳಿ ಸ್ಕ್ರೂ ಮುಚ್ಚಿದೆ, ಇಲ್ಲವೇ ಟ್ಯಾಂಕಿನೊಳಗಿನ ಜಾಲರಿ ಕಟ್ಟಿದೆ. ಅಮುಕಿದಷ್ಟೂ ಕಾರ್ಬುರೇಟರಿನಿಂದ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ಪೆಟ್ರೋಲ್ ಸುರಿಯುತ್ತಿದ್ದರೆ, ಅದು ತುಂಬಿದಾಗ ಪೆಟ್ರೋಲ್ ತಡೆಯುವ ಫ್ಲೋಟ್ ವಾಲ್ವ್ ಮುಚ್ಚಿಕೊಳ್ಳುತ್ತಿಲ್ಲ. ಅದು ಸರಿಯಾಗುವವರೆಗೆ ಸ್ಟಾರ್ಟ್ ಮಾಡುವ ಯೋಚನೆ ಬೇಡ, ಬೆಂಕಿಯ ಭಯ.

ತಿಂಗಳುಗಟ್ಟಲೆ ನಿಂತ ಪೆಟ್ರೋಲ್ ಆದರೆ ಚೆಲ್ಲಾಪಿಲ್ಲಿ ಮಾಡದೆ ಬೇರೆ ಕ್ಯಾನಿಗೆ ತೆಗೆದಿಟ್ಟು ಹೊಸದು ತುಂಬಿ. ಬೇಗ ಆವಿಯಾಗುವ ಅಂಶವೇ ಮೊದಲು ಹಾರಿಹೋಗುವುದು. ತಣ್ಣನೆಯ ಎಂಜಿನ್ ಹಿಡಿಯಲು ಬೇಕಾದದ್ದೂ ಅದೇ. ಎಥನಾಲ್ ಬೆರೆತ ಪೆಟ್ರೋಲ್ ಗಾಳಿಯಲ್ಲಿನ ತೇವ ಎಳೆದುಕೊಳ್ಳುತ್ತದೆ. ಮಿತಿ ಮೀರಿದರೆ ನೀರು, ಎಥನಾಲ್ ಎರಡೂ ಪೆಟ್ರೋಲಿನಿಂದ ಬೇರ್ಪಟ್ಟು ತಳದಲ್ಲಿ ಕೂರುತ್ತವೆ.

ಚೋಕ್ ನಿಜಕ್ಕೂ ಮುಚ್ಚುತ್ತಿದೆಯೇ?

ಚೋಕ್ ಎಂದರೆ ಕಾರ್ಬುರೇಟರಿಗೆ ಹೋಗುವ ಗಾಳಿಗೆ ಅಡ್ಡ ಬರುವ ತಗಡು. ಗುಂಡಿ ಎಳೆದ ಮಾತ್ರಕ್ಕೆ ಅದು ಮುಚ್ಚಿತು ಎಂದು ನಂಬಬೇಡಿ. ಮೇಲಿನ ಕವರ್ ತೆಗೆದು, ಕಾರ್ಬುರೇಟರ್ ಬಾಯಿ ಕಾಣುವಂತಿದ್ದರೆ ಒಬ್ಬರು ಗುಂಡಿ ಎಳೆಯಲಿ, ಇನ್ನೊಬ್ಬರು ತಗಡು ಪೂರ್ತಿ ಅಡ್ಡ ಬರುತ್ತದೆಯೇ ನೋಡಲಿ. ಉಪ್ಪುನೀರಿನಲ್ಲಿ ಓಡುವ ಮೋಟಾರುಗಳಲ್ಲಿ ಕೊಂಡಿ ತುಕ್ಕು ಹಿಡಿದು ಅರ್ಧಕ್ಕೇ ನಿಂತಿರುತ್ತದೆ.

ಎಲ್ಲ ಮೋಟಾರಿಗೂ ಚೋಕ್ ತಗಡು ಇರುವುದಿಲ್ಲ. ಕೆಲವಕ್ಕೆ ಕೀಯನ್ನು ಒಳಕ್ಕೆ ಒತ್ತಿದರೆ ಪೆಟ್ರೋಲ್ ಚಿಮ್ಮಿಸುವ ಸೊಲೆನಾಯ್ಡ್ (ವಿದ್ಯುತ್ತಿನಿಂದ ತೆರೆಯುವ ವಾಲ್ವ್) ಇರುತ್ತದೆ. ಒತ್ತಿದಾಗ ‘ಟಕ್’ ಎಂಬ ಸದ್ದು ಬಾರದಿದ್ದರೆ ಅದರ ವೈರಿಂಗ್ ನೋಡಬೇಕು. ಯಮಹಾದ ಕೆಲವು ಫೋರ್ ಸ್ಟ್ರೋಕ್ ಮೋಟಾರುಗಳಲ್ಲಿ ‘ಪ್ರೈಮ್ ಸ್ಟಾರ್ಟ್’ ಎಂಬ ವ್ಯವಸ್ಥೆ ಇದ್ದು, ಅದು ತಾನಾಗಿಯೇ ಮೊದಲ ಕೆಲವು ನಿಮಿಷ ಹೆಚ್ಚು ಪೆಟ್ರೋಲ್ ಕೊಡುತ್ತದೆ. ಇಎಫ್‌ಐ, ಅಂದರೆ ಕಾರ್ಬುರೇಟರ್ ಬದಲು ಎಲೆಕ್ಟ್ರಾನಿಕ್ ಆಗಿ ಪೆಟ್ರೋಲ್ ಚಿಮ್ಮಿಸುವ ಮೋಟಾರುಗಳ ಲೆಕ್ಕವೇ ಬೇರೆ. ಅಲ್ಲಿ ಸೆನ್ಸರ್ ಪರೀಕ್ಷೆಗೆ ಡಯಾಗ್ನೋಸ್ಟಿಕ್ ಉಪಕರಣ ಬೇಕು.

ಪ್ಲಗ್ ಬಿಚ್ಚಿ ನೋಡಿ

ನನ್ನ ಲೆಕ್ಕದಲ್ಲಿ ಇಡೀ ಪರೀಕ್ಷೆಯಲ್ಲಿ ಅತಿ ಹೆಚ್ಚು ಹೇಳುವ ಹಂತ ಇದೇ. ಚೋಕ್ ಎಳೆದು ಏಳೆಂಟು ಸಲ ಹಗ್ಗ ಎಳೆದ ಕೂಡಲೇ ಪ್ಲಗ್ ಬಿಚ್ಚಿ. ತುದಿ ಒಣಗಿದ್ದು ಪೆಟ್ರೋಲ್ ವಾಸನೆಯೇ ಇಲ್ಲದಿದ್ದರೆ ಪೆಟ್ರೋಲ್ ಸಿಲಿಂಡರಿಗೆ ತಲುಪುತ್ತಿಲ್ಲ. ಒದ್ದೆಯಾಗಿ ಹೊಳೆಯುತ್ತಿದ್ದರೆ ಪೆಟ್ರೋಲ್ ಬಂದಿದೆ, ಕಿಡಿ ದುರ್ಬಲವಾಗಿದೆ ಅಥವಾ ಪೆಟ್ರೋಲ್ ಅತಿಯಾಗಿ ಏರಿದೆ. ಟು ಸ್ಟ್ರೋಕ್‌ನಲ್ಲಿ ಕಪ್ಪಗೆ ಜಿಡ್ಡುಗಟ್ಟಿದ್ದರೆ ಆಯಿಲ್ ಮಿಶ್ರಣ ಪರಿಶೀಲಿಸಿ: ಹೆಚ್ಚಿನ ಮೋಟಾರುಗಳಿಗೆ 50:1, ಅಂದರೆ ಹತ್ತು ಲೀಟರ್ ಪೆಟ್ರೋಲಿಗೆ 200 ಮಿ.ಲೀ. ಆದರೆ ನಿಮ್ಮ ಮೋಟಾರಿನ ಕೈಪಿಡಿ ಏನು ಹೇಳುತ್ತದೋ ಅದೇ ಕೊನೆಯ ಮಾತು. ಪ್ಲಗ್ ಗ್ಯಾಪಿಗೂ (ಕಿಡಿ ಹಾರುವ ತುದಿಯ ಸಂದು) ಅಷ್ಟೇ.

ಪೆಟ್ರೋಲ್ ಏರಿದ್ದರೆ ಚೋಕ್ ಒಳಕ್ಕೆ ತಳ್ಳಿ, ಬಲ್ಬ್ ಮುಟ್ಟದೆ, ನ್ಯೂಟ್ರಲ್‌ನಲ್ಲಿ ಎಷ್ಟು ಬಿಡುತ್ತದೋ ಅಷ್ಟು ಥ್ರಾಟಲ್ (ವೇಗದ ಹಿಡಿ) ತೆರೆದು ಎಳೆಯಿರಿ. ಹಿಡಿದ ತಕ್ಷಣ ಥ್ರಾಟಲ್ ಇಳಿಸಿ.

ಕಿಡಿ ನೋಡಲು ಸ್ಪಾರ್ಕ್ ಟೆಸ್ಟರ್ ಬಳಸಿ. ಅದನ್ನು ಎಂಜಿನ್ ಬಾಡಿಗೆ ಸರಿಯಾಗಿ ತಾಗಿಸಬೇಕು. ವೈರನ್ನು ಹಾಗೇ ಗಾಳಿಯಲ್ಲಿ ಬಿಟ್ಟು ಎಳೆದರೆ ಕಿಡಿಯನ್ನು ನಿಯಂತ್ರಿಸುವ ಸಿಡಿಐ ಯೂನಿಟ್ ಕೆಡಬಹುದು. ಪೆಟ್ರೋಲ್ ಆವಿ ತುಂಬಿರುವ ಕಡೆ ಕಿಡಿ ಹಾರಿಸುವ ಸಾಹಸವಂತೂ ಬೇಡ.

ಚೋಕ್ ತಳ್ಳಿದರೆ ಆಫ್ ಆಗುತ್ತದೆಯೇ?

ಚೋಕ್ ಎಳೆದಾಗ ಹಿಡಿಯುತ್ತದೆ, ತಳ್ಳಿದ ಕೂಡಲೇ ನಿಲ್ಲುತ್ತದೆ, ಐಡ್ಲಿಂಗ್‌ನಲ್ಲಿ (ವೇಗ ಕೊಡದೆ ಬಿಟ್ಟಾಗ) ಓಡುತ್ತಾ ಉಳಿಯುವುದಿಲ್ಲ, ಆದರೆ ವೇಗ ಕೊಟ್ಟರೆ ಜುಮ್ಮನೆ ಓಡುತ್ತದೆ. ಈ ಲಕ್ಷಣಗಳು ಒಟ್ಟಿಗೆ ಕಂಡರೆ ಪೈಲಟ್ ಜೆಟ್, ಅಂದರೆ ನಿಧಾನ ಓಟಕ್ಕೆ ಪೆಟ್ರೋಲ್ ಕೊಡುವ ಕಾರ್ಬುರೇಟರಿನ ಸಣ್ಣ ಹಿತ್ತಾಳೆ ತೂತುಬಿಲ್ಲೆ, ಕಟ್ಟಿದೆ ಎಂದೇ ಹಿಡಿಯಿರಿ. ಅದರ ರಂಧ್ರ ಒಂದು ಮಿಲಿಮೀಟರಿಗಿಂತಲೂ ಸಣ್ಣದು. ಹಳೆಯ ಪೆಟ್ರೋಲ್ ಒಣಗಿದಾಗ ಉಳಿಯುವ ಅಂಟು ಅಷ್ಟನ್ನು ಮುಚ್ಚಲು ಧಾರಾಳ ಸಾಕು.

ಕಾರ್ಬುರೇಟರ್ ತಳದ ಸ್ಕ್ರೂ ಸಡಿಲಿಸಿ ಪೆಟ್ರೋಲನ್ನು ಗಾಜಿನ ಲೋಟಕ್ಕೆ ಇಳಿಸಿ. ತಳದಲ್ಲಿ ನೀರಿನ ಗುಳ್ಳೆ, ಕಂದು ಕಸ ಕಂಡರೆ ಸಾಕ್ಷಿ ಸಿಕ್ಕಿತು. ಕಾರ್ಬುರೇಟರಿನ ತಳದ ಬಟ್ಟಲು (ಬೌಲ್) ಬಿಚ್ಚಿ, ಜೆಟ್ಟನ್ನು ಅದಕ್ಕೆ ಸರಿಯಾಗಿ ಹೊಂದುವ ಸ್ಕ್ರೂಡ್ರೈವರಿನಿಂದ ತೆಗೆದು, ಕಾರ್ಬ್ ಕ್ಲೀನರ್ ಸಿಂಪಡಿಸಿ ಗಾಳಿ ಹೊಡೆಯಿರಿ. ಬೆಳಕಿಗೆ ಹಿಡಿದರೆ ರಂಧ್ರ ದುಂಡಗೆ ಕಾಣಬೇಕು. ಗುಂಡುಸೂಜಿ, ತಂತಿ ತುರುಕಬೇಡಿ. ಹಿತ್ತಾಳೆ ಸವೆದು ರಂಧ್ರ ದೊಡ್ಡದಾದರೆ ಹೊಸ ಜೆಟ್ಟೇ ಗತಿ. ಮುಂದೆ ಹೀಗಾಗದಿರಲು, ಬಹುದಿನ ನಿಲ್ಲಿಸುವ ಮುನ್ನ ಪೈಪ್ ಕಳಚಿ ಕಾರ್ಬುರೇಟರ್ ಖಾಲಿಯಾಗುವವರೆಗೆ ಓಡಿಸಿ.

ಸೀಮೆಎಣ್ಣೆ ಮೋಟಾರುಗಳಿಗೆ ಒಂದು ಮಾತು: ಅವು ತಣ್ಣಗಿದ್ದಾಗ ಪೆಟ್ರೋಲಿನಲ್ಲೇ ಹಿಡಿಯಬೇಕು. ನಿಲ್ಲಿಸುವ ಮುನ್ನ ಸ್ವಲ್ಪ ಹೊತ್ತು ಪೆಟ್ರೋಲಿಗೆ ತಿರುಗಿಸಿ ಓಡಿಸದಿದ್ದರೆ ಕಾರ್ಬುರೇಟರಿನಲ್ಲಿ ಸೀಮೆಎಣ್ಣೆಯೇ ಉಳಿದು, ಮರುದಿನ ಬೆಳಗ್ಗೆ ಹಗ್ಗ ಎಳೆದು ಎಳೆದು ಸುಸ್ತಾಗುವುದು ಖಚಿತ.

ಇಷ್ಟಾದರೂ ಆಗದಿದ್ದರೆ

ಸೆಲ್ಫ್ ಸ್ಟಾರ್ಟ್ ಇದ್ದರೆ ಬ್ಯಾಟರಿ ನೋಡಿ. ಪೂರ್ತಿ ಚಾರ್ಜ್ ಆದ 12 ವೋಲ್ಟ್ ಬ್ಯಾಟರಿ ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಎಂಜಿನ್ ನಿಧಾನಕ್ಕೆ ತಿರುಗಿದರೆ ಫ್ಲೈವೀಲ್ ಹುಟ್ಟಿಸುವ ಕಿಡಿಯೂ ಸೊರಗುತ್ತದೆ. ಸ್ಟಾರ್ಟರನ್ನು ಒಂದೇ ಸಮನೆ ಒತ್ತಿ ಹಿಡಿಯದೆ ನಡುನಡುವೆ ಬಿಡುವು ಕೊಡಿ.

ಕೊನೆಯದು ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಗಾಳಿ ಒತ್ತಿಕೊಳ್ಳುವ ಬಲ. ಎಲ್ಲ ಪ್ಲಗ್ ಬಿಚ್ಚಿ, ವೈರುಗಳನ್ನು ಬಾಡಿಗೆ ತಾಗಿಸಿ, ಥ್ರಾಟಲ್ ಪೂರ್ತಿ ತೆರೆದು ಗೇಜ್ ಹಾಕಿ ಅಳೆಯಿರಿ. ಒಂದು ಸಿಲಿಂಡರ್ ಉಳಿದವುಗಳಿಗಿಂತ ಶೇ. 15ಕ್ಕೂ ಹೆಚ್ಚು ಕೆಳಗಿದ್ದರೆ ರಿಂಗ್ ಅಥವಾ ಗ್ಯಾಸ್ಕೆಟ್ ಹೋಗಿರುವ ಸಾಧ್ಯತೆ ಹೆಚ್ಚು. ಅಲ್ಲಿಗೆ ಮನೆಕೆಲಸ ಮುಗಿಯಿತು, ಮೋಟಾರನ್ನು ಮೆಕ್ಯಾನಿಕ್ ಹತ್ತಿರ ಒಯ್ಯಿರಿ. ಅಳೆದ ಅಂಕಿಗಳನ್ನೂ ಬರೆದುಕೊಂಡು ಹೋಗಿ.